ಹೊಂಬಾಳೆಯ ರಸ

ಕಾಳೀನದಿಯ ಅಳಿವೆಯಿಂದ ಗಂಗಾವಳಿಯವರೆಗೆ ಹಬ್ಬಿದ ಕಾರವಾರ, ಅಂಕೋಲೆಗಳ ತೀರದಲ್ಲಿ ತೆಂಗಿನ ಕಾಯಿಯನ್ನು ಕೊಂಡಾಡದವರಿಲ್ಲ. ಅದೇ ಮರದಿಂದ ರಸವನ್ನಿಳಿಸುತ್ತಿದ್ದ ಹಳೇಪೈಕರ, ಭಂಡಾರಿಗಳ ಕೌಶಲವನ್ನಾದರೋ, ಮದ್ಯದ ಸಂಬಂಧವೊಂದರಿಂದಲೇ, ವಿದ್ಯೆಯೆಂದು ಆದರಿಸಿದವರು ವಿರಳ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳೇಪೈಕರ ಈ ಕಸುಬನ್ನು ತನ್ನ ಪ್ರವಾಸಕಥನದಲ್ಲಿ ಉಲ್ಲೇಖಿಸಿದ್ದಾನೆ.

ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ, ಅದರ ಮೈಮೇಲೆ ಮರದ ಕೊಡತಿಯಿಂದ ದಿನವೂ ಮೆಲ್ಲಮೆಲ್ಲನೆ ಬಡಿದು, ತುದಿಯನ್ನು ಕೊಯ್ದು, ಮುರಿಯದಂತೆ ಕ್ರಮೇಣ ಕೆಳಕ್ಕೆ ಬಗ್ಗಿಸಿದ ಮೇಲೆಯೇ, ಹಲವು ದಿನಗಳ ಈ ಉಪಚಾರಕ್ಕೆ ಮಣಿದು, ರಸವು ತೊಟ್ಟಿಕ್ಕತೊಡಗುತ್ತದೆ. ಅಲ್ಲಿಂದ ಮುಂದೆ ಬೆಳಗು ಬೈಗು ಮರವೇರಿ, ಹರಿತವಾದ ಬಾಗುಗತ್ತಿಯಿಂದ ತುದಿಯ ತೆಳುಪದರವೊಂದನ್ನು ಸವರಿ, ಮಡಕೆಯನ್ನು ಬದಲಿಸಬೇಕು. ದಪ್ಪನಾಗಿ ಕೊಯ್ದರೆ ಹೊಂಬಾಳೆ ಬೇಗನೆ ತೀರಿಹೋದೀತು. ಕೊಯ್ಯದೆ ಬಿಟ್ಟರೆ ಗಾಯ ಒಣಗಿ ರಸ ನಿಂತೀತು.

ಮರದಿಂದ ರಸ ತೆಗೆಯುವ ರೀತಿ ಎಲ್ಲೆಡೆ ಒಂದೇ ಅಲ್ಲ. ಕೆನಡಾದಲ್ಲಿ ದಾರಿಬದಿಯ ವೃದ್ಧ ಮೇಪಲ್ ವೃಕ್ಷಗಳ ಕಾಂಡಕ್ಕೆ ರಂಧ್ರ ಕೊರೆದು ರಸ ತೆಗೆಯುವುದುಂಟು. ಇರುಳು ಹೆಪ್ಪುಗಟ್ಟಿ ಹಗಲು ಕರಗುವ ಋತುಸಂಧಿಯ ಒತ್ತಡವೇ ಅಲ್ಲಿ ರಸವನ್ನು ಹೊರದೂಡುತ್ತದೆ. ಕೊರೆದ ಗಾಯವನ್ನು ಮರವು ವರ್ಷಗಳಲ್ಲಿ ಹೊಸ ಬೆಳವಣಿಗೆಯಿಂದ ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಹಾಗೆ ವರ್ಷವರ್ಷವೂ ದಪ್ಪಗಾಗುವ ಪದರವಿಲ್ಲ, ಕಾಂಡದ ಗಾಯ ಮಾಯುವುದಿಲ್ಲ. ನಮ್ಮ ಪದ್ಧತಿ ಕಾಂಡವನ್ನು ಕೊರೆಯುವುದೇ ಇಲ್ಲ. ಗರಿಗಳು ಸಿದ್ಧಗೊಳಿಸಿದ ಸಕ್ಕರೆ ಹೂವಿಗೂ ಕಾಯಿಗೂ ಹರಿದುಬರುವ ಹಾದಿಯಲ್ಲಿಯೇ ಅದನ್ನು ಎದುರುಗೊಳ್ಳುತ್ತದೆ. ಮೇಪಲ್ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಭಾಗವಾದರೆ ತೆಂಗಿನ ತಾಜಾ ರಸದಲ್ಲಿ ಅದರ ಹಲವು ಪಟ್ಟು. ಹೀಗೆಯೇ ರಸ ಕೊಡುವ, ಘಟ್ಟದ ಬುಡದ ಬೈನೆ ಮರದ ಸಂಗತಿ ಬೇರೆ: ಆಯುಷ್ಯವೆಲ್ಲ ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಅದು ನೆತ್ತಿಯಿಂದ ಕೆಳಕ್ಕೆ ಒಂದೊಂದಾಗಿ ಬಿಡುವ ಹೂಗೊಂಚಲುಗಳಿಗೆ ವ್ಯಯಿಸಿ, ಕಡೆಯದು ಮುಗಿದೊಡನೆ ಸಾಯುತ್ತದೆ.

ಮದ್ಯದ ಸಂಬಂಧದಿಂದಲೇ ಈ ಕಸುಬು ಕಾಯಿದೆಯ ಅಂಕೆಗೂ ಒಳಗಾಯಿತು. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಕಾರವಾರ, ಅಂಕೋಲೆಗಳ ಈ ಜಿಲ್ಲೆಗೆ 1878ರ ಅಬಕಾರಿ ಕಾಯಿದೆ ಬಂದಿತು, ಅನಂತರ 1949ರ ಪಾನನಿರೋಧ ಕಾಯಿದೆ. ಕುಡಿತದಿಂದ ಬಡವರ ಮನೆಗಳಿಗೊದಗುವ ಅನರ್ಥವನ್ನು ಕಂಡವರಾರೂ ಪಾನನಿರೋಧದ ಉದ್ದೇಶವನ್ನು ಅಲ್ಲಗಳೆಯಲಾರರು. ಆದರೆ ಮರದಿಂದಿಳಿಯುವಾಗ ಆ ರಸ ಮದ್ಯವಲ್ಲ. ಮಡಕೆಯಲ್ಲಿ ಸೇರುವ ಯೀಸ್ಟು ಕೆಲವೇ ತಾಸುಗಳಲ್ಲಿ ಅದನ್ನು ಹುಳಿಸುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಆ ಹುಳಿಯುವಿಕೆ ತಡೆದು ಸಿಹಿಯಾದ ನೀರಾ ಉಳಿಯುತ್ತದೆ, ಅದನ್ನು ಒಲೆಯ ಮೇಲಿಟ್ಟು ಕೈಯಾಡಿಸುತ್ತ ಗಟ್ಟಿಗೊಳಿಸಿದರೆ ಕಂದುಬಣ್ಣದ ಬೆಲ್ಲವಾಗುತ್ತದೆ. ಈ ಬೆಲ್ಲಕ್ಕಾಗಿ ಮರವೇರುವವನಿಗೆ ಪರವಾನಗಿಯೂ ಮಾರುಕಟ್ಟೆಯೂ ಸುಲಭವಾಗಿ ದೊರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.