ಧಾರಾವಾಹಿಯ ಪಾತ್ರಗಳಿಗೆ ನೆನಪಿದೆಯೇ?

ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳನ್ನು ತೊಳೆದು ಕವುಚಿಟ್ಟ ಮೇಲೆ ನಮ್ಮ ಮಂಗಳೂರಿನ ಅನೇಕ ಮನೆಗಳಲ್ಲಿ ತಾಯಂದಿರು ಟಿ.ವಿ.ಯ ಮುಂದೆ ಕುಳಿತುಕೊಳ್ಳುತ್ತಾರೆ. ಹಿಂದಿನ ಸಂಜೆ ನೆಂಟರು ಬಂದುದರಿಂದಲೋ, ಮಕ್ಕಳ ಓದಿನ ದೆಸೆಯಿಂದಲೋ ತಪ್ಪಿಹೋದ ಕಂತು ಆ ಹೊತ್ತಿನಲ್ಲಿ ಮರುಪ್ರಸಾರವಾಗುತ್ತದೆ. ಬ್ಯಾಂಕು, ಬಂದರು, ಸರ್ಕಾರಿ ಕಚೇರಿಗಳ ಉದ್ಯೋಗ ನಿಮಿತ್ತ ಧಾರವಾಡ, ಬೆಳಗಾವಿ, ದಾವಣಗೆರೆಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಹಿರಿಯ ಹೆಣ್ಣುಮಕ್ಕಳಿಗೆ ನೆರೆಮನೆಯ ತುಳು, ಕೊಂಕಣಿಗಳು ಬೇಗನೆ ಕೈವಶವಾಗುವುದಿಲ್ಲ. ಮಳೆಗಾಲದ ಆ ದೀರ್ಘ ಮಧ್ಯಾಹ್ನಗಳಲ್ಲಿ ಅವರೊಡನೆ ಕನ್ನಡದಲ್ಲಿ ಮಾತನಾಡುವ ಪರಿಚಿತ ಮುಖವೆಂದರೆ ಧಾರಾವಾಹಿಯ ಸೊಸೆಯದೇ. ಆದ್ದರಿಂದ ಇದೆಲ್ಲ ಬರಿಯ ಕಾಲಹರಣವೆಂದು ಮೂಗು ಮುರಿಯುವ ವಿದ್ವಾಂಸರ ಮಾತು ನನಗೆ ಒಪ್ಪಿತವಲ್ಲ. ಐದಾರು ವರ್ಷ ದಿನಂಪ್ರತಿ ಮನೆಯೊಳಕ್ಕೆ ಬರುವವರ ನಡೆನುಡಿಗಳನ್ನು ವಿಚಾರಿಸಿಕೊಳ್ಳುವುದು ಗೃಹಸ್ಥರಿಗೆ ಉಚಿತವೇ ಆಗಿದೆ.

ಧಾರೆಯಾಗಿ ಹರಿಯುವುದು ಎಂಬರ್ಥದ ಈ ಪದ ಟಿ.ವಿ.ಗಿಂತ ಮೊದಲೇ ನಮ್ಮ ವಾರಪತ್ರಿಕೆಗಳಲ್ಲಿತ್ತು. ವಾರವಾರವೂ ಬರುವ ಕಾದಂಬರಿಗಾಗಿ ಅಂಚೆಯವನ ದಾರಿ ಕಾದ ತಲೆಮಾರು ನಮ್ಮದು. ಆದರೆ ಆ ಕಾದಂಬರಿ ಮೂವತ್ತು ನಲವತ್ತು ವಾರಗಳಲ್ಲಿ ಮುಗಿದು ಪುಸ್ತಕವಾಗುತ್ತಿತ್ತು. ಟಿ.ವಿ.ಯ ಧಾರಾವಾಹಿಯ ಅಳತೆಯೇ ಬೇರೆ. ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ಕಂತು. ಜಾಹೀರಾತು ಕಳೆದು ಕಂತಿಗೆ 20 ನಿಮಿಷವೆಂದರೂ 85 ಗಂಟೆಗೆ ಮಿಕ್ಕಿದ ಕಥೆ. ಆರು ವರ್ಷ ನಡೆದರೆ 500 ಗಂಟೆ. ಇಷ್ಟು ದೀರ್ಘಕಾಲ ಒಂದು ಪಾತ್ರವನ್ನು ಜೀವಂತವಾಗಿಡುವ ಹೊಣೆ ವ್ಯಾಸರಿಗೂ ಬಂದಿರಲಿಲ್ಲವೆಂದು ತಮಾಷೆಗಾಗಿ ಹೇಳಬಹುದು.

ಈ ಬಗೆಯ ಕಥನ ಹುಟ್ಟಿದ್ದು ಅಮೆರಿಕದ ರೇಡಿಯೋದಲ್ಲಿ. ಹಗಲಿನಲ್ಲಿ ಮನೆಗೆಲಸ ಮಾಡುತ್ತಾ ಕೇಳುವ ಗೃಹಿಣಿಯರಿಗೆ ಸಾಬೂನು ಮಾರುವ ಕಂಪನಿಗಳು ಇವನ್ನು ಪ್ರಾಯೋಜಿಸುತ್ತಿದ್ದುದರಿಂದ ‘ಸೋಪ್ ಒಪೆರಾ’ ಎಂಬ ಹೆಸರು ಬಿತ್ತು. ‘ಗೈಡಿಂಗ್ ಲೈಟ್’ ಎಂಬುದು 1937ರಲ್ಲಿ ರೇಡಿಯೋದಲ್ಲಿ ಆರಂಭವಾಗಿ, 1952ರಲ್ಲಿ ಟಿ.ವಿ.ಗೆ ಬಂದು, 2009ರಲ್ಲಿ ಮುಗಿಯಿತು. ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಎಂಬ ಇನ್ನೊಂದರಲ್ಲಿ ಹೆಲೆನ್ ವ್ಯಾಗ್ನರ್ ಎಂಬ ನಟಿ 1956ರ ಮೊದಲ ಕಂತಿನಿಂದ 2010ರಲ್ಲಿ ತಾನು ತೀರಿಕೊಳ್ಳುವವರೆಗೆ, ನಡುವಿನ ಕೆಲವು ಬಿಡುವುಗಳನ್ನು ಬಿಟ್ಟರೆ, ಒಂದೇ ಪಾತ್ರವನ್ನು ವಹಿಸಿದಳು. ತಾಯಿ ಅಜ್ಜಿಯಾದಳು, ಅವಳನ್ನು ನೋಡುತ್ತಿದ್ದ ತಾಯಂದಿರೂ ಅಜ್ಜಿಯರಾದರು. ನಮ್ಮಲ್ಲಿ 1984ರ ‘ಹಮ್ ಲೋಗ್’ ದಾರಿ ತೆರೆಯಿತು. 1994ರ ‘ಶಾಂತಿ’ ಮಧ್ಯಾಹ್ನದ ಹೊತ್ತನ್ನೂ ಧಾರಾವಾಹಿಗೆ ಒಪ್ಪಿಸಿತು. 1998ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ನಿರ್ದೇಶಿಸಿದ ‘ಮಾಯಾಮೃಗ’ ಕನ್ನಡದ ಮಧ್ಯಮವರ್ಗದ ಮನೆಗಳನ್ನು ಸೆರೆಹಿಡಿಯಿತು. ಅಲ್ಲಿಂದ ಮುಂದಿನದು ವಾಚಕರಿಗೆ ತಿಳಿದದ್ದೇ.

ದೀರ್ಘಕಾಲ ನಡೆಯುವ ಕಥೆಗೆ ಎದುರಾಗುವ ಮೊದಲ ವಿಘ್ನ ಕಲಾವಿದನ ನಿರ್ಗಮನ. ಪಾತ್ರ ಉಳಿಯಬೇಕು, ಮುಖ ಹೋಗಿದೆ. ಅಮೆರಿಕದ ಧಾರಾವಾಹಿಗಳಲ್ಲಿ ಇಂಥ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸುತ್ತಾರೆಂದು ಒಂದು ಸಾಲಿನಲ್ಲಿ ಹೇಳಿ ಕಥೆ ಮುಂದುವರಿಸುವ ವಾಡಿಕೆಯಿತ್ತು. ನಮ್ಮ ‘ಜೊತೆ ಜೊತೆಯಲಿ’ ಬೇರೊಂದು ಹಾದಿ ಹಿಡಿಯಿತು. 2019ರಲ್ಲಿ ಆರಂಭವಾದ ಆ ಧಾರಾವಾಹಿಯಲ್ಲಿ ಆರ್ಯವರ್ಧನನಾಗಿ ಮನೆಮಾತಾಗಿದ್ದ ಅನಿರುದ್ಧ ಅವರು 2022ರ ಆಗಸ್ಟ್ ತಿಂಗಳಲ್ಲಿ ಹೊರಗುಳಿದಾಗ ಕಥೆಯೊಳಗೆ ಒಂದು ಅಪಘಾತ ನಡೆಯಿತು. ಶಸ್ತ್ರಚಿಕಿತ್ಸೆಯಿಂದ ಆರ್ಯವರ್ಧನನಿಗೆ ಇನ್ನೊಬ್ಬನ ಮುಖ ಬಂದಿತು. ಆ ಮುಖವಾಗಿ ಹರೀಶ್ ರಾಜ್ ಅವರು ಬಂದರು.

ಇದನ್ನು ಕೇಳಿ ನಕ್ಕವರು ಬಹಳ. ಆದರೆ ಈ ಕರಾವಳಿಯಲ್ಲಿ ಬಯಲಾಟ ನೋಡಿದವರಿಗೆ ನಗಲು ಅಷ್ಟು ಅವಕಾಶವಿಲ್ಲ. ‘ನಳ ದಮಯಂತಿ’ ಪ್ರಸಂಗದಲ್ಲಿ ಕಾರ್ಕೋಟಕನು ಕಚ್ಚಿದ ಕ್ಷಣದಲ್ಲಿ ನಳನ ವೇಷಧಾರಿ ಚೌಕಿಗೆ ಹೋಗುತ್ತಾನೆ, ಕುರೂಪಿ ಬಾಹುಕನಾಗಿ ಇನ್ನೊಬ್ಬ ವೇಷಧಾರಿ ಬರುತ್ತಾನೆ. ಶ್ರೀಕೃಷ್ಣಲೀಲೆಯ ಬಾಲಕೃಷ್ಣನು ಒಬ್ಬ, ಕಂಸನನ್ನು ಕೊಲ್ಲುವ ಕೃಷ್ಣನು ಮತ್ತೊಬ್ಬ. ಯಾರೂ ಕಾರಣ ಕೇಳುವುದಿಲ್ಲ. ಬಾಹುಕನ ಬಾಯಿಂದ ಬರುವ ಒಂದೊಂದು ಮಾತಿನಲ್ಲೂ ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟುಬಂದ ನಳನ ಬೇಗೆ ಇರುತ್ತದೆ; ಅಷ್ಟು ಸಾಕು. ದಮಯಂತಿಯಾದರೂ ಅವನನ್ನು ಗುರುತಿಸುವುದು ಮುಖದಿಂದಲ್ಲ, ಅವನ ಪಾಕದ ರುಚಿಯಿಂದ, ಮಕ್ಕಳನ್ನು ಕಂಡಾಗ ಅವನ ಕಣ್ಣು ತುಂಬುವುದರಿಂದ. ಟಿ.ವಿ.ಗೆ ಈ ಸೌಲಭ್ಯ ಕಡಿಮೆಯೆಂಬುದನ್ನು ಒಪ್ಪಬೇಕು. ಬಣ್ಣ ಕಿರೀಟಗಳ ಮರೆ ಅಲ್ಲಿಲ್ಲ. ಕ್ಯಾಮೆರಾ ದಿನವೂ ಒಂದೇ ಮುಖವನ್ನು ಮೂರಡಿ ದೂರದಿಂದ ತೋರಿಸಿ ಆ ಮುಖವೇ ಪಾತ್ರವೆಂಬ ನಂಬಿಕೆಯನ್ನು ಬೆಳೆಸಿಬಿಟ್ಟಿರುತ್ತದೆ. ಹಾಗಿದ್ದರೂ ಹೊಸ ಮುಖಕ್ಕೆ ಹಳೆಯ ನೆನಪುಗಳನ್ನು ನಿಷ್ಠೆಯಿಂದ ಕೊಟ್ಟರೆ ನೋಡುಗರು ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತಾರೆಂಬುದು ನನ್ನ ಎಣಿಕೆ.

ನಿಜವಾದ ತೊಂದರೆ ಇರುವುದು ಅಲ್ಲಿಯೇ. ಮುಖ ಬದಲಾಗದ ಪಾತ್ರಗಳೂ ನೆನಪು ಕಳೆದುಕೊಳ್ಳುತ್ತವೆ. ಸೊಸೆ ನಿರಪರಾಧಿಯೆಂದು ತಿಳಿದು ಅತ್ತೆ ಕಣ್ಣೀರಿಟ್ಟು ಅವಳನ್ನು ಅಪ್ಪಿಕೊಳ್ಳುತ್ತಾಳೆ. ಆ ದಿನ ಮನೆಮನೆಗಳಲ್ಲಿ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ನಿಜ. ಮುಂದಿನ ತಿಂಗಳು ಬೀರುವಿನಲ್ಲಿ ಒಂದು ಒಡವೆ ಕಾಣೆಯಾದೊಡನೆ ಅದೇ ಅತ್ತೆ ಅದೇ ಸೊಸೆಯನ್ನು ಅದೇ ದನಿಯಲ್ಲಿ ಪ್ರಶ್ನಿಸುತ್ತಾಳೆ. ಅಪ್ಪುಗೆ ಎಲ್ಲಿ ಹೋಯಿತು? ಅದು ಅತ್ತೆಗೆ ಮರೆತಿದೆ, ಬರೆಯುವವರಿಗೆ ಮರೆತಿದೆ. ನೆನಪಿರುವುದು ನೋಡುವವಳಿಗೆ ಮಾತ್ರ. 2013ರ ಕೊನೆಯಿಂದ 2020ರ ಆರಂಭದವರೆಗೆ ನಡೆದ ‘ಅಗ್ನಿಸಾಕ್ಷಿ’ಯಲ್ಲಿ ಚಂದ್ರಿಕಾಳ ಕಪಟ ನೋಡುಗರಿಗೆಲ್ಲ ತಿಳಿದಿತ್ತು, ಅದೇ ಸೂರಿನಡಿ ಉಣ್ಣುವ ಮನೆಮಂದಿಗೆ ಮಾತ್ರ ವರ್ಷಗಟ್ಟಲೆ ತಿಳಿಯಲಿಲ್ಲ. ಸಿದ್ಧಾರ್ಥ ಸನ್ನಿಧಿಯರ ದಾಂಪತ್ಯದ ಮೇಲೆ ಜನರಿಗಿದ್ದ ಅಕ್ಕರೆಯೇ ಆ ಕಥೆಯನ್ನು ಹೊತ್ತು ನಡೆಸಿತು. ಅಷ್ಟು ಅಕ್ಕರೆ ಗಳಿಸಿದ ಜೋಡಿಗೆ ಎರಡು ವಾರ ನೆಮ್ಮದಿಯಾಗಿ ಸಂಸಾರ ನಡೆಸುವ ಭಾಗ್ಯ ಎಷ್ಟು ಸಲ ಸಿಕ್ಕಿತೆಂದು ಎಣಿಸಿದರೆ ಬೆರಳುಗಳು ಮಿಗುತ್ತವೆ.

ಇದಕ್ಕೆ ಕಾರಣ ಬರೆಯುವವರ ದಡ್ಡತನವೆಂದು ಹೇಳುವುದು ಅನ್ಯಾಯ. ವಾರಕ್ಕೊಮ್ಮೆ ಬರುವ ಟಿ.ಆರ್.ಪಿ. ಅಂಕಿಯು ವಾಹಿನಿಯ ವರಮಾನವನ್ನು ತೂಗುತ್ತದೆ. ಅಂಕಿ ಇಳಿದರೆ ಮರುವಾರವೇ ತಿರುವು ಬೇಕು. ಇಂದು ಮೊದಲ ಬಾರಿಗೆ ನೋಡಲು ಕುಳಿತವನಿಗೂ ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯಬೇಕೆಂಬ ನಿಯಮ ಇನ್ನೊಂದು. ಆದ್ದರಿಂದ ಒಳ್ಳೆಯವರು ಕಂಡೊಡನೆ ಒಳ್ಳೆಯವರಾಗಿ, ಕೆಟ್ಟವರು ಕಂಡೊಡನೆ ಕೆಟ್ಟವರಾಗಿ ಕಾಣಬೇಕು; ಸಂಬಂಧಗಳು ಎಷ್ಟು ದೂರ ನಡೆದರೂ ಹೊರಟ ಜಾಗಕ್ಕೆ ಮರಳಬೇಕು. ಹೊಸಬರಿಗೆ ತೋರುವ ಈ ಉಪಚಾರದ ಬೆಲೆಯನ್ನು ಒಂದು ದಿನವೂ ತಪ್ಪಿಸದೆ ನೋಡಿದವರು ತೆರುತ್ತಾರೆ.

ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ರಸಕ್ಕೆ ವಿರೋಧವಾದ ದೋಷಗಳನ್ನು ಹೇಳಿದ್ದಾನೆ. ಹೊತ್ತಲ್ಲದ ಹೊತ್ತಿನಲ್ಲಿ ರಸವನ್ನು ಕತ್ತರಿಸುವುದು ಒಂದು. ಹೊತ್ತಲ್ಲದ ಹೊತ್ತಿನಲ್ಲಿ ಪ್ರಕಟಿಸುವುದು ಇನ್ನೊಂದು. ಪೂರ್ಣ ಪುಷ್ಟಿಗೆ ಬಂದ ರಸವನ್ನೇ ಮತ್ತೆ ಮತ್ತೆ ಉರಿಸುವುದು ಮತ್ತೊಂದು. ಹೀಗೆ ಮಾಡಿದರೆ ಅದು ಪದೇ ಪದೇ ಮುಟ್ಟಿದ ಹೂವಿನಂತೆ ಬಾಡುತ್ತದೆ ಎನ್ನುತ್ತಾನೆ ಆತ. ನಮ್ಮ ಮಲ್ಲಿಗೆಯ ಊರಿನಲ್ಲಿ ಈ ಉಪಮೆಗೆ ವ್ಯಾಖ್ಯಾನ ಬೇಕಾಗಿಲ್ಲ. ಅತ್ತೆಯ ಸಂಶಯ, ಸೊಸೆಯ ಕಣ್ಣೀರು, ಗಂಡನ ತಪ್ಪು ತಿಳಿವಳಿಕೆ ಇವು ಮೂರೂ ಬಹಳ ಕೈಗಳು ಮುಟ್ಟಿದ ಹೂಗಳಾಗಿವೆ.

ಹಾಗಾದರೆ ಸಂಬಂಧವೊಂದನ್ನು ಬಹುಕಾಲ ಬಾಡದಂತೆ ನಡೆಸುವುದು ಹೇಗೆ? ಇದಕ್ಕೆ ಕನ್ನಡದ ಆದಿಕವಿಯೇ ಉತ್ತರ ಕೊಟ್ಟಿದ್ದಾನೆ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ಲಲಿತಾಂಗದೇವ ಸ್ವಯಂಪ್ರಭೆಯರ ಪ್ರೇಮವು ಒಂದು ಜನ್ಮದಲ್ಲಿ ಮುಗಿಯುವುದಿಲ್ಲ. ಅವರೇ ವಜ್ರಜಂಘ ಶ್ರೀಮತಿಯರಾಗಿ ಹುಟ್ಟುತ್ತಾರೆ. ಹಿಂದಿನ ಜನ್ಮದ ನೆನಪನ್ನು ಶ್ರೀಮತಿ ಚಿತ್ರಪಟದಲ್ಲಿ ಬರೆದು ಆ ಮೂಲಕ ಅವನನ್ನು ಕಂಡುಕೊಳ್ಳುತ್ತಾಳೆ. ಆ ದಂಪತಿಗಳು ಮುನಿಗಳಿಗೆ ಅನ್ನದಾನ ಮಾಡುತ್ತಾರೆ. ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಒಟ್ಟಿಗೇ ಸಾಯುತ್ತಾರೆ. ಇನ್ನೂ ಹಲವು ಭವಗಳು ಕಳೆದ ಮೇಲೆ ಅವನು ತೀರ್ಥಂಕರ ವೃಷಭನಾಥ. ಅವಳ ಜೀವವು ರಾಜ ಶ್ರೇಯಾಂಸ. ಭಿಕ್ಷೆಗೆ ಬಂದ ಮುನಿಗೆ ಏನು ಕೊಡಬೇಕು, ಹೇಗೆ ಕೊಡಬೇಕೆಂದು ಆ ಕಾಲದ ಜನರಿಗೆ ತಿಳಿದಿರಲಿಲ್ಲ. ಬಂದವನನ್ನು ಕಂಡೊಡನೆ ಶ್ರೇಯಾಂಸನಿಗೆ ಎಂದೋ ಗಂಡಹೆಂಡಿರಾಗಿ ತಾವಿಬ್ಬರೂ ಮಾಡಿದ ಆ ದಾನ ನೆನಪಾಗುತ್ತದೆ. ಅವನು ಕಬ್ಬಿನ ಹಾಲನ್ನು ನೀಡುತ್ತಾನೆ. ಒಲವು ಬೆಳೆದು ಭಕ್ತಿಯಾಗಿದೆ, ಪಾತ್ರಗಳು ಗುರುತೇ ಸಿಗದಷ್ಟು ಬದಲಾಗಿವೆ, ಆದರೂ ನಡುವಿನ ಒಂದು ಮಧ್ಯಾಹ್ನದ ಊಟ ಮರೆತುಹೋಗಿಲ್ಲ. ಇಷ್ಟು ದೊಡ್ಡ ಧಾರಾವಾಹಿಯನ್ನು ಹೀಗೆ ಕಟ್ಟಿದವರು ಮತ್ತೊಬ್ಬರಿದ್ದಾರೆಯೇ ಎಂದು ನನಗೆ ಆಗಾಗ ಅನ್ನಿಸುವುದುಂಟು.

‘ಜೊತೆ ಜೊತೆಯಲಿ’ಯಲ್ಲಿಯೂ ಪೂರ್ವಜನ್ಮವಿದೆ. ಅನು ಸಿರಿಮನೆಯೇ ಹಿಂದಿನ ಜನ್ಮದ ರಾಜನಂದಿನಿ ಎಂಬುದು ಆ ಕಥೆಯ ದೊಡ್ಡ ತಿರುವು. ಪಂಪನಲ್ಲಿ ಮರಳಿ ಬಂದ ನೆನಪು ಸಂಬಂಧವನ್ನು ಮೇಲಿನ ಮೆಟ್ಟಿಲಿಗೆ ಒಯ್ಯುತ್ತದೆ. ಇಲ್ಲಿ ಅದು ಮುಚ್ಚಿಟ್ಟ ರಹಸ್ಯವನ್ನು ಹೊರಗೆಳೆಯುವ ಉಪಾಯವಾಯಿತು. ಆದರೂ ಒಂದು ಪಾತ್ರಕ್ಕೆ ನೆನಪೇ ವಿಧಿಯಾಗಬಲ್ಲದು ಎಂಬುದನ್ನು ಹಿಡಿದದ್ದಕ್ಕಾಗಿ ಆ ಬರವಣಿಗೆಗೆ ಸ್ವಲ್ಪ ಮನ್ನಣೆ ಸಲ್ಲಬೇಕು.

ಬೆಳವಣಿಗೆಯ ವಿಷಯದಲ್ಲಿ 2012ರಲ್ಲಿ ಆರಂಭವಾದ ‘ಪುಟ್ಟಗೌರಿ ಮದುವೆ’ ಒಳ್ಳೆಯ ನೆಲೆಯಿಂದಲೇ ಹೊರಟಿತು. ಬಾಲ್ಯವಿವಾಹವಾದ ಹುಡುಗಿ ಬೆಳೆದು ದೊಡ್ಡವಳಾಗುವುದೇ ಅದರ ವಸ್ತುವಾದ್ದರಿಂದ ಗೌರಿಯ ಪಾತ್ರ ಸಾನ್ಯಾ ಅಯ್ಯರ್ ಅವರಿಂದ ರಂಜನಿ ರಾಘವನ್ ಅವರಿಗೆ ಬಂದದ್ದು ಕಥೆಯ ಸಹಜಗತಿಯಾಗಿ ತೋರಿತು. ಬರಬರುತ್ತ ಗೌರಿ ಕಾಡುಪಾಲಾಗಿ, ಕಂತುಗಳು ಊರಿಗೆಲ್ಲ ನಗೆಯ ವಸ್ತುವಾದವು. ಕಡೆಗೆ ಹೆಸರೇ ‘ಮಂಗಳಗೌರಿ ಮದುವೆ’ಯಾಗಿ ಬೇರೆಯವರ ಕಥೆ ನಡೆಯಿತು.

ಸಾವನ್ನು ನಡೆಸಿಕೊಳ್ಳುವ ರೀತಿಯಲ್ಲೂ ಇದೇ ಭೇದ ಕಾಣುತ್ತದೆ. 2020ರಿಂದ 2023ರವರೆಗೆ ನಡೆದ ‘ಕನ್ನಡತಿ’ಯಲ್ಲಿ ಚಿತ್ಕಳಾ ಬಿರಾದಾರ್ ಅವರು ವಹಿಸಿದ ರತ್ನಮಾಲಾ ತೀರಿಕೊಂಡಾಗ ಅನೇಕ ಮನೆಗಳಲ್ಲಿ ಸ್ವಂತ ಹಿರಿಯರನ್ನು ಕಳೆದುಕೊಂಡ ಭಾವ ಕವಿಯಿತು. ಅವಳು ಇಲ್ಲದಾದ ಮೇಲೂ ಅವಳ ಮಾತು, ಅವಳ ನಿರ್ಧಾರಗಳು ಉಳಿದವರ ಬದುಕನ್ನು ಹಿಡಿದಿದ್ದವು. (ಕಂತಿನ ಕೊನೆಯಲ್ಲಿ ‘ಸರಿಗನ್ನಡಂ ಗೆಲ್ಗೆ’ ಎಂದು ಶಬ್ದಗಳ ಸರಿಯಾದ ಬಳಕೆ ಹೇಳಿಕೊಡುತ್ತಿದ್ದುದರಿಂದ ಆ ಧಾರಾವಾಹಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವುಂಟು.) ಉಮಾಶ್ರೀ ಅವರ ಅಭಿನಯದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ 2024ರ ಕೊನೆಯ ಹೊತ್ತಿಗೆ ಮಗಳು ಸ್ನೇಹಾಳ ಪಾತ್ರವನ್ನು ಅಪಘಾತದಲ್ಲಿ ಮುಗಿಸಿ, ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿದಂತೆ ತೋರಿಸಿದರು. ಅಂಗದಾನದ ಮಾತು ಮನೆಮನೆಗೆ ತಲಪಿತಾದರೆ ಸಂತೋಷವೇ. ಆದರೆ ಓದಿಸಿ ದೊಡ್ಡ ಅಧಿಕಾರಿಯನ್ನಾಗಿ ಮಾಡಿದ ಮಗಳನ್ನು ಕಳೆದುಕೊಂಡ ತಾಯಿಗೆ ಅಳಲು ಅವಕಾಶ ಕೊಡುವ ಮೊದಲೇ ಆ ಹೃದಯಕ್ಕೆ ಹೊಸ ಕಥೆ ಹುಡುಕುವ ಅವಸರ ನನಗೆ ಹಿಡಿಸಲಿಲ್ಲ.

ನಮ್ಮ ಮೇಳಗಳಿಗೆ ಪತ್ತನಾಜೆಯಿದೆ. ಮೇ ತಿಂಗಳ ಕೊನೆಯಲ್ಲಿ ಆ ದಿನ ಬಂತೆಂದರೆ ಗೆಜ್ಜೆ ಬಿಚ್ಚಲೇಬೇಕು; ಎಂಥ ಜನಪ್ರಿಯ ಪ್ರಸಂಗವಾದರೂ ಮತ್ತೆ ದೀಪಾವಳಿ ಕಳೆದು ಹೊಸ ತಿರುಗಾಟ ಹೊರಡುವವರೆಗೆ ಕಾಯಬೇಕು. ಧಾರಾವಾಹಿಗೆ ಪತ್ತನಾಜೆಯಿಲ್ಲ. ಅದು ನಿಲ್ಲುವುದು ಅಂಕಿ ಬಿದ್ದಾಗ ಅಥವಾ ಅನಾಹುತವಾದಾಗ. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಆರಂಭವಾಗಿ, ಕೊರೊನಾದ ದೆಸೆಯಿಂದ ಚಿತ್ರೀಕರಣ ನಿಂತ 2020ರಲ್ಲಿ ನಡುವಿನಲ್ಲಿಯೇ ಕೊನೆಗೊಂಡಿತು. ‘ಮುಕ್ತ’ದ ಕಾಲದಿಂದ ಜನ ಬಲ್ಲ ವಕೀಲ ಸಿ.ಎಸ್.ಪಿ. ಆ ಕಥೆಯಲ್ಲಿಯೂ ಇದ್ದರು. ಒಂದು ಧಾರಾವಾಹಿ ಮುಗಿದರೂ ಇನ್ನೊಂದರಲ್ಲಿ ಅದೇ ಕರಿ ಕೋಟು, ಅದೇ ತಾಳ್ಮೆಯ ಪಾಟೀಸವಾಲು, ಸ್ವಲ್ಪ ಹೆಚ್ಚು ನರೆಗೂದಲು. ಜಾನಕಿಯ ಮೊಕದ್ದಮೆ ಏನಾಯಿತೆಂದು ಕೇಳುವವರು ಆಮೇಲೂ ಬಹುಕಾಲ ಇದ್ದರು.

‘ಮಾಯಾಮೃಗ’ ಈಗ ಯೂಟ್ಯೂಬಿನಲ್ಲಿ ದೊರೆಯುತ್ತದೆ. ಕದ್ರಿಯ ಕಡೆ ನನಗೆ ಪರಿಚಿತವಾದ ಒಂದು ಮನೆಯಲ್ಲಿ ಅದನ್ನು ಮೊದಲಿನಿಂದ ನೋಡುತ್ತಿದ್ದಾರೆ. 1998ರಲ್ಲಿ ಆ ಮನೆಯ ಯಜಮಾನಿ ಹುಬ್ಬಳ್ಳಿಯಲ್ಲಿ ಹೊಸ ಸೊಸೆ. ಆಗ ಅತ್ತೆಯ ಪಕ್ಕದಲ್ಲಿ ಕುಳಿತು ನೋಡುತ್ತಾ ಮನಸ್ಸಿನಲ್ಲೇ ಕಿರಿಯರ ಪರ ವಾದಿಸುತ್ತಿದ್ದರಂತೆ. ಈಗ ಅವರ ಪಕ್ಕದಲ್ಲಿ ಸೊಸೆ ಕುಳಿತಿರುತ್ತಾಳೆ. ಅದೇ ಕಂತು, ಅದೇ ಮಾತು. ‘ಅವತ್ತು ಈ ತಾಯಿ ಇಷ್ಟು ಸುಸ್ತಾಗಿದ್ದಳು ಅನ್ನೋದು ನನಗ ಕಂಡೇ ಇರಲಿಲ್ಲ ನೋಡ್ರಿ ಅಜ್ಜಾರ’ ಎಂದರು ಅವರು.