ಕೊನೆಯ ಕೂದಲೆಳೆಯ ಕೆಲಸ

ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ. ಕ್ರಿ.ಶ. 1100ರ ಸುಮಾರಿನ ಆ ಗುಡಿಯನ್ನು ಹೊಕ್ಕವರು ಗಂಟೆಯಾಕಾರದ ಕಂಬಗಳ ಮೇಲೆ ಕೈಯಾಡಿಸದೆ ಹೊರಬರಲಾರರು. ತಿರುಗಿಸಿ ಕಡೆದು ನುಣುಪುಗೊಳಿಸಿದ ಕಂಬಗಳವು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರದಲ್ಲಿಯೂ ಬಳಪದ ಕಲ್ಲಿನ ಅಂಥದೇ ಕುಶಲತೆಯನ್ನು ಕಾಣುತ್ತೇವೆ. ಗಣಿಯಿಂದ ಬಂದಾಗ ಮೃದುವಾಗಿದ್ದು, ಗಾಳಿಗೊಡ್ಡಿದಂತೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಅದನ್ನರಿತವನೇ ಶಿಲ್ಪಿ. ಈ ಮಾತು ಇಂದಿನ ಹೊಸದೊಂದು ಲೋಹವಿದ್ಯೆಗೂ ಸಲ್ಲುತ್ತದೆ.

ತ್ರೀ-ಡಿ ಮುದ್ರಣವೆಂದು ಅದರ ಹೆಸರು. ಶಿಲ್ಪಿ ಬೇಡವಾದುದನ್ನು ಕಳೆದು ರೂಪವನ್ನು ಪಡೆಯುತ್ತಾನೆ. ಇಲ್ಲಿ ಬೇಕಾದುದನ್ನಷ್ಟೇ ಕೂಡಿಸುತ್ತ ಹೋಗುತ್ತಾರೆ. ಲೋಹದ ಪುಡಿಯನ್ನು ಕೂದಲಿಗಿಂತ ತೆಳುವಾಗಿ ಹರಡಿ, ಬೇಕಾದೆಡೆ ಲೇಸರ್ ಕಿರಣದಿಂದ ಕರಗಿಸಿ, ಅದರ ಮೇಲೆ ಇನ್ನೊಂದು ಪದರವನ್ನು ಹರಡುತ್ತಾರೆ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಇಸ್ರೋ ಹೀಗೆ ಮಾಡಿಸಿ, 2024ರ ಮೇ 9ರಂದು 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಹದಿನಾಲ್ಕು ಬಿಡಿಭಾಗಗಳು ಒಂದಾದವು; 19 ಬೆಸುಗೆಗಳು ಇಲ್ಲವಾದವು. 565 ಕಿಲೋ ಲೋಹ ಬೇಕಾಗಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು.

ಹಾಗಾದರೆ ಇನ್ನು ಕಡೆಯುವವನಿಗೆ ಕೆಲಸವಿಲ್ಲವೇ? ಇದೆ, ಹಿಂದಿಗಿಂತ ಕಠಿಣವಾದ ಕೆಲಸವೇ ಇದೆ. ಮುದ್ರಣದಿಂದ ಬಂದ ಲೋಹದ ಮೈ ಒರಟು. ಅರೆಕರಗಿದ ಕಣಗಳು ಅದಕ್ಕೆ ಅಂಟಿರುತ್ತವೆ. ಪದರಗಳ ಮೆಟ್ಟಿಲು ಕಾಣುತ್ತದೆ. ಮತ್ತೆ ಮತ್ತೆ ಭಾರ ಹೊರುವ ಭಾಗದಲ್ಲಿ ಇಂಥ ಒಂದು ಕುಳಿಯೇ ಬಿರುಕಿನ ಬೀಜವಾಗಬಲ್ಲದು. ಆ ಭಾಗ ವಿಮಾನದ್ದಾಗಿದ್ದರೆ, ರೋಗಿಯ ಸೊಂಟದೊಳಗೆ ಕೂರುವ ಕೀಲಾಗಿದ್ದರೆ, ಬಿರುಕಿನ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಈ ಲೋಹಗಳಾದರೋ ಉಳಿಗೆ ಸುಲಭವಾಗಿ ಒಗ್ಗುವವಲ್ಲ. ಟೈಟಾನಿಯಂ ಮಿಶ್ರಲೋಹ ಶಾಖವನ್ನು ಸಾಗಿಸುವುದು ಸಾಧಾರಣ ಉಕ್ಕಿನ ಸುಮಾರು ಏಳನೆಯ ಒಂದು ಪಾಲಿನಷ್ಟು ಮಾತ್ರ. ಕೊರೆಯುವಾಗ ಹುಟ್ಟಿದ ಬೇಗೆಯೆಲ್ಲ ಉಳಿಯ ಮೊನೆಯಲ್ಲಿಯೇ ಸೇರುತ್ತದೆ. ಇಂಕೊನೆಲ್‌ನಂಥ ನಿಕ್ಕಲ್ ಮಿಶ್ರಲೋಹವೋ, ಬಳಪದ ಕಲ್ಲು ಗಾಳಿಗೆ ಗಟ್ಟಿಯಾಗುವಂತೆ, ಉಳಿಯ ಒತ್ತಡಕ್ಕೇ ಗಟ್ಟಿಯಾಗುತ್ತದೆ. ಅಳುಕಿ ಮೇಲೆಮೇಲೆ ಸವರಿದವನು ಸೋಲುತ್ತಾನೆ. ಮೊನೆ ಹರಿತವಾಗಿರಬೇಕು, ವೇಗ ಮಿತವಾಗಿರಬೇಕು. ಗಟ್ಟಿಯಾದ ಪೊರೆಯ ಕೆಳಗೆ ಉಳಿಯನ್ನು ನಡೆಸಬೇಕು. ತಂಪಿನ ದ್ರವ ಧಾರಾಳವಾಗಿ ಹರಿಯಬೇಕು.

ಅದಕ್ಕೂ ಮುನ್ನ, ಅಡಿಯ ತಟ್ಟೆಯಿಂದ ಬಿಡಿಸುವ ಮೊದಲೇ, ಭಾಗವನ್ನು ಕಾಯಿಸಿ ಅದರೊಳಗಿನ ಬಿಗಿತವನ್ನು ಸಡಿಲಿಸಬೇಕು. ಇಲ್ಲವಾದರೆ ಬಿಡಿಸಿದೊಡನೆ ಸೊಟ್ಟಗಾದೀತು. ತೆಳುವಾದ ಗೋಡೆ ಉಳಿಗೆ ನಡುಗುತ್ತದೆ. ವಕ್ರವಾದ ಆಕಾರಕ್ಕೆ ಹಿಡಿತ ಸಿಗದು. ಆದ್ದರಿಂದ ಎಲ್ಲಿ ಹಿಡಿಯಬೇಕು, ಕಡೆಯಲು ಎಷ್ಟು ಲೋಹವನ್ನು ಹೆಚ್ಚಾಗಿ ಬಿಡಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕು. ಉಳಿ ಹೋಗಲಾರದ ಒಳಗಿನ ಕೊಳವೆಗಳಲ್ಲಿ ಉಜ್ಜುಪುಡಿ ಬೆರೆತ ಮುದ್ದೆಯನ್ನು ಒತ್ತಡದಿಂದ ಹಾಯಿಸಿ ನಯಮಾಡುವುದುಂಟು.

ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಬಲ್ಲವರಿಗೆ ಒಂದು ಸತ್ಯ ಹೊಸದಲ್ಲ: ಕೊನೆಯ ಗೀರು ತಪ್ಪಿದರೆ ಮೊದಲಿನ ದುಡಿಮೆಯೆಲ್ಲ ವ್ಯರ್ಥ. ಲೇಸರ್ ದಿನಗಟ್ಟಲೆ ಕಟ್ಟಿದ ಭಾಗವೂ ಕೊನೆಯ ಆ ಕೂದಲೆಳೆಯಲ್ಲಿ ಕೆಡಬಹುದು. ಯಂತ್ರ ಎಷ್ಟೇ ಜಾಣವಾಗಲಿ, ವಸ್ತುವಿನ ಸ್ವಭಾವವನ್ನರಿತ ಕುಶಲಿಯ ತೀರ್ಮಾನ ಅಲ್ಲಿ ಬೇಕೇ ಬೇಕು. ಕುಬಟೂರಿನ ಕಂಬದ ನುಣುಪು ಒಂಬೈನೂರು ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ.