ಜೇನಿನ ಗುಣವೂ ಅದರ ಮಿತಿಯೂ

ನಮ್ಮ ಜನರು ಆದರಿಸುವ ಆಹಾರಪದಾರ್ಥಗಳಲ್ಲಿ ಜೇನುತುಪ್ಪಕ್ಕೆ ಸಲ್ಲುವ ಮರ್ಯಾದೆ ಬೇರೊಂದಕ್ಕೆ ಸುಲಭವಾಗಿ ಸಲ್ಲದು. ದೇವರ ಅಭಿಷೇಕಕ್ಕೆ ಕೂಡಿಸುವ ಪಂಚಾಮೃತದಲ್ಲಿ ಅದು ಒಂದು. ವರನಿಗೆ ಕೊಡುವ ಮಧುಪರ್ಕಕ್ಕೆ ಹೆಸರು ಬಂದುದೇ ಅದರಿಂದ. ಪಂಡಿತರು ಕೊಡುವ ಚೂರ್ಣ ಭಸ್ಮಗಳಿಗೆ ಅದೇ ಅನುಪಾನ. ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ ಎಂಬ ಗಾದೆ ಅದರ ರುಚಿಗೆ ಸಾಕ್ಷಿ. ಇಷ್ಟು ಹಿರಿದಾದ ಕೀರ್ತಿಯುಳ್ಳ ವಸ್ತುವಿನ ವಿಷಯದಲ್ಲಿ ಎರಡು ಬಗೆಯ ಅತಿರೇಕಗಳು ನಡೆಯುವುದುಂಟು. ಕೆಲವರು ಅದನ್ನು ಸರ್ವರೋಗಪರಿಹಾರಿಯೆಂದು ಕೊಂಡಾಡುವರು. ಮತ್ತೆ ಕೆಲವರು ಅದು ಬರಿಯ ಸಕ್ಕರೆಯ ಪಾಕವೆಂದು ತಳ್ಳಿಹಾಕುವರು. ಇವೆರಡರ ನಡುವೆ ನಿಜವೆಲ್ಲಿದೆ, ಜೇನು ನಮಗೆ ಮಾಡುವ ಉಪಕಾರವೇನು, ಯಾರಿಗೆ ಅದನ್ನು ಕೊಡಲೇಬಾರದು ಎಂಬುದನ್ನು ಈಗ ವಿಚಾರಮಾಡೋಣ.

ಮೊದಲು ಜೇನು ಆಗುವ ಕ್ರಮವನ್ನು ತಿಳಿಯುವುದು ಒಳ್ಳೆಯದು. ಹೂವಿನಲ್ಲಿರುವ ಮಕರಂದವೇ ಜೇನಲ್ಲ. ಮಕರಂದವು ಬಹುಪಾಲು ನೀರು. ಅದರಲ್ಲಿ ಸಕ್ಕರೆ ಕರಗಿರುವುದು. ದುಡಿಮೆಯ ಹುಳು ಅದನ್ನು ಹೀರಿ, ತನ್ನ ಹೊಟ್ಟೆಯೊಳಗಿನ ಮಧುಚೀಲದಲ್ಲಿ ತುಂಬಿಕೊಂಡು ಗೂಡಿಗೆ ತರುವುದು. ಹುಳುವಿನ ಗ್ರಂಥಿಗಳಿಂದ ಒಸರುವ ಕಿಣ್ವಗಳು ಅದರೊಡನೆ ಬೆರೆತು, ನಾವು ದಿನವೂ ಬಳಸುವ ಸಕ್ಕರೆಯ ಜಾತಿಯದೇ ಆದ ಮಕರಂದದ ಸಕ್ಕರೆಯನ್ನು ಸೀಳಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳನ್ನಾಗಿ ಮಾಡುವುವು. ಬಳಿಕ ಹುಳುಗಳು ಅದನ್ನು ಬಾಯಿಂದ ಬಾಯಿಗೆ ಸಾಗಿಸಿ, ಎರಿಯ ಕೋಶಗಳಲ್ಲಿ ಹರಡಿ, ರೆಕ್ಕೆಗಳಿಂದ ಗಾಳಿ ಬೀಸಿ ನೀರನ್ನು ಆರಿಸುವುವು. ನೀರು ಸುಮಾರು ಐದರಲ್ಲೊಂದು ಪಾಲಿಗೆ ಇಳಿದಮೇಲೆ ಕೋಶಕ್ಕೆ ಮೇಣದ ಮುಚ್ಚಳ ಬೀಳುವುದು. ಒಂದು ಹುಳು ತನ್ನ ಜೀವಮಾನವೆಲ್ಲ ದುಡಿದು ಕೂಡಿಡುವ ಜೇನು ಒಂದು ಚಹದ ಚಮಚದ ಹನ್ನೆರಡರಲ್ಲೊಂದು ಪಾಲು ಮಾತ್ರವೆಂದು ತಿಳಿದವರ ಅಂದಾಜು. ನಮ್ಮ ಕಾಡುಮೇಡುಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಂಬ ಜಾತಿಗಳುಂಟು. ಪೆಟ್ಟಿಗೆಯಲ್ಲಿ ಸಾಕುವುದಕ್ಕೆ ನಮ್ಮ ಹಳ್ಳಿಗರಿಗೆ ಹೆಚ್ಚಾಗಿ ಒದಗಿರುವುದು ತುಡುವೆ.

ಇನ್ನು ಅದರ ಆಹಾರಗುಣ. ನೂರು ಗ್ರಾಂ ಜೇನಿನಲ್ಲಿ ಸುಮಾರು ೧೭ ಗ್ರಾಂ ನೀರು, ಸುಮಾರು ೮೨ ಗ್ರಾಂ ಸಕ್ಕರೆಗಳು. ಇವುಗಳಲ್ಲಿ ಫ್ರಕ್ಟೋಸಿನದು ಹೆಚ್ಚಿನ ಪಾಲು, ಗ್ಲೂಕೋಸಿನದು ಅನಂತರದ ಪಾಲು. ಇದರಿಂದ ದೇಹಕ್ಕೆ ದೊರೆಯುವ ಶಕ್ತಿ ಸುಮಾರು ೩೦೦ ಕ್ಯಾಲೊರಿ. ಒಂದು ಸಣ್ಣ ಚಮಚಕ್ಕೆ ಇಪ್ಪತ್ತರ ಮೇಲೆ ಒಂದೆರಡು ಎಂದು ಲೆಕ್ಕವಿಡಬಹುದು. ಈ ಸಕ್ಕರೆಗಳು ಆಗಲೇ ಸೀಳಿರುವುದರಿಂದ ಬೇಗನೆ ರಕ್ತಕ್ಕೆ ಸೇರುವುವು. ದಣಿದವನಿಗೆ ಜೇನುನೀರು ಚೇತನ ಕೊಡುವುದು ಇದರಿಂದಲೇ. ಆದರೆ ಜೀವಸತ್ತ್ವಗಳೂ ಖನಿಜಗಳೂ ಜೇನಿನಲ್ಲಿ ಇವೆಯೆಂಬ ಮಾತು ನಿಜವಾದರೂ, ಅವುಗಳ ಪ್ರಮಾಣ ಅತ್ಯಲ್ಪ. ನೂರು ಗ್ರಾಂ ಜೇನಿನಲ್ಲಿ ಸಿ ಜೀವಸತ್ತ್ವವು ಒಂದು ಮಿಲಿಗ್ರಾಮಿಗೂ ಕಡಮೆ; ಒಂದು ನೆಲ್ಲಿಕಾಯಿಯ ಮುಂದೆ ಅದು ಲೆಕ್ಕಕ್ಕಿಲ್ಲ. ಸಸಾರಜನಕವೂ ಇಲ್ಲವೆನ್ನುವಷ್ಟು ಕಡಮೆ. ಆದಕಾರಣ ಜೇನನ್ನು ಪುಷ್ಟಿಯ ಆಹಾರವೆಂದು ಹಾಲು, ಬೇಳೆ, ಸೊಪ್ಪುಗಳ ಸ್ಥಾನದಲ್ಲಿ ಕೂರಿಸುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ, ದಿನದ ಶಕ್ತಿಯ ಹತ್ತರಲ್ಲೊಂದು ಪಾಲಿಗಿಂತ ಕಡಮೆಯಿರಬೇಕೆಂದು ಮಿತಿ ಹಾಕಿದ ಸಕ್ಕರೆಗಳ ಪಟ್ಟಿಯಲ್ಲಿ ಜೇನನ್ನೂ ಸೇರಿಸಿದೆ. ಮಧುಮೇಹವುಳ್ಳವರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಹುಳು ಕೊಟ್ಟ ಸಿಹಿಯೆಂದು ರಕ್ತವು ಅದಕ್ಕೆ ರಿಯಾಯಿತಿ ತೋರಿಸುವುದಿಲ್ಲ. ಬೆಳಗ್ಗೆ ಜೇನುನೀರು ಕುಡಿದರೆ ಬೊಜ್ಜು ಕರಗುವುದೆಂಬ ನಂಬಿಕೆಯೂ ಹೀಗೆಯೇ. ಅದರಲ್ಲಿರುವುದು ಶಕ್ತಿಯನ್ನು ಕೂಡಿಸುವ ವಸ್ತುವೇ ಹೊರತು ಕಳೆಯುವ ವಸ್ತುವಲ್ಲ.

ಹಾಗಾದರೆ ಜೇನಿನ ಔಷಧಗುಣವೆಂಬುದು ಬರಿಯ ಮಾತೆ? ಅಲ್ಲ. ಜೇನು ವರ್ಷಗಟ್ಟಲೆ ಇಟ್ಟರೂ ಕೊಳೆಯದೆ ಇರುವುದನ್ನು ಎಲ್ಲರೂ ಬಲ್ಲರು. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದಾಗಿ, ಅದರಲ್ಲಿ ಸಕ್ಕರೆ ಅಷ್ಟು ದಟ್ಟವಾಗಿರುವುದರಿಂದ ಅದು ಸೂಕ್ಷ್ಮಜೀವಿಗಳ ಒಡಲಿನ ನೀರನ್ನೇ ಸೆಳೆದುಬಿಡುವುದು; ಅವು ಬೆಳೆಯಲಾರವು. ಎರಡನೆಯದಾಗಿ, ಜೇನು ಆಮ್ಲಗುಣವುಳ್ಳದ್ದು. ಸಿಹಿಯ ಮರೆಯಲ್ಲಿ ಆ ಹುಳಿ ನಮ್ಮ ನಾಲಗೆಗೆ ತೋರದು. ಮೂರನೆಯದಾಗಿ, ಹುಳುವಿನಿಂದ ಬಂದ ಒಂದು ಕಿಣ್ವವು, ಜೇನು ಕೊಂಚ ನೀರಾದಾಗ, ಗ್ಲೂಕೋಸಿನಿಂದ ಹೈಡ್ರೊಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಹುಟ್ಟಿಸುತ್ತಿರುವುದು. ಗಾಯ ತೊಳೆಯಲು ವೈದ್ಯರು ಬಳಸುತ್ತಿದ್ದ ದ್ರವವೇ ಇದು. ಜೇನಿನ ಕ್ರಿಮಿನಾಶಕ ಶಕ್ತಿಯ ಗುಟ್ಟು ಇದೇ ಎಂಬುದು ೧೯೬೩ರಲ್ಲಿ ಅಮೆರಿಕದ ಶಾಸ್ತ್ರಜ್ಞರಿಂದ ಸ್ಪಷ್ಟವಾಯಿತು.

ಕಾರಣ ತಿಳಿಯುವುದಕ್ಕೆ ಬಹಳ ಹಿಂದೆಯೇ ಕಾರ್ಯ ತಿಳಿದಿತ್ತು. ಸುಶ್ರುತನ ಸಂಹಿತೆಯಲ್ಲಿ ವ್ರಣಗಳಿಗೆ ಜೇನು ಮತ್ತು ಘೃತವನ್ನು ಲೇಪಿಸುವ ಕ್ರಮವಿದೆ. ಈಜಿಪ್ಟಿನ ಪ್ರಾಚೀನ ವೈದ್ಯರೂ ಗಾಯಗಳಿಗೆ ಜೇನನ್ನು ಕಟ್ಟುತ್ತಿದ್ದರು. ಈಚೆಗೆ, ೨೦೧೫ರಲ್ಲಿ, ಅನೇಕ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯಗಳು ಸಾಮಾನ್ಯ ಪಟ್ಟಿಗಳಿಗಿಂತ ಜೇನಿನ ಪಟ್ಟಿಯಿಂದ ನಾಲ್ಕೈದು ದಿನ ಮುಂಚೆ ವಾಸಿಯಾಗುವುವೆಂದು ಕಂಡುಕೊಂಡಿತು. ಆದರೆ ಆಸ್ಪತ್ರೆಗಳಲ್ಲಿ ಬಳಸುವ ಜೇನು ವಿಕಿರಣದಿಂದ ಶುದ್ಧಿಗೊಳಿಸಿದ್ದು. ಅಡುಗೆಮನೆಯ ಸೀಸೆಯಲ್ಲಿರುವುದನ್ನು ತೆರೆದ ಗಾಯಕ್ಕೆ ಸುರಿಯುವುದು ವಿವೇಕವಲ್ಲ.

ಮನೆಯಲ್ಲಿ ನಾವು ನೆಚ್ಚಬಹುದಾದ ಉಪಯೋಗವೆಂದರೆ ನೆಗಡಿಯೊಡನೆ ಬರುವ ಕೆಮ್ಮಿಗೆ. ೨೦೦೭ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎರಡು ವರ್ಷ ದಾಟಿದ ೧೦೫ ಮಕ್ಕಳನ್ನು ಪರೀಕ್ಷಿಸಲಾಯಿತು. ಕೆಲವರಿಗೆ ಮಲಗುವ ಅರ್ಧ ಗಂಟೆಗೆ ಮೊದಲು ವಯಸ್ಸಿಗೆ ತಕ್ಕಂತೆ ಅರ್ಧ ಚಮಚದಿಂದ ಎರಡು ಚಮಚದವರೆಗೆ ಜೇನು, ಕೆಲವರಿಗೆ ಬಳಕೆಯಲ್ಲಿದ್ದ ಕೆಮ್ಮಿನ ಔಷಧ, ಉಳಿದವರಿಗೆ ಏನೂ ಇಲ್ಲ. ತಾಯಿತಂದೆಗಳ ಎಣಿಕೆಯಂತೆ, ರಾತ್ರಿ ಕೆಮ್ಮು ತಗ್ಗಿ ನಿದ್ರೆ ಬಂದುದು ಜೇನು ಕುಡಿದ ಮಕ್ಕಳಿಗೇ ಹೆಚ್ಚು. ೨೦೧೮ರಲ್ಲಿ ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಸಾಧಾರಣ ಕೆಮ್ಮಿಗೆ ಮೊದಲು ಜೇನಿನಂಥ ಉಪಚಾರವನ್ನು ನೋಡಬೇಕೆಂದೂ, ಒಡನೆಯೇ ರೋಗಾಣುನಾಶಕ ಔಷಧಿಗಳಿಗೆ ಓಡಬಾರದೆಂದೂ ಸೂಚನೆ ಕೊಟ್ಟರು. ನಮ್ಮ ಅಜ್ಜಿಯರ ಶುಂಠಿ ಜೇನಿಗೆ ಇದು ಸಣ್ಣ ಗೌರವವಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮು, ಉಬ್ಬಸ, ಕಫದಲ್ಲಿ ರಕ್ತ, ಇವು ಕಂಡರೆ ಜೇನನ್ನು ನಂಬಿ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನು ತಾಯಂದಿರು ಲಕ್ಷ್ಯವಿಟ್ಟು ಕೇಳಬೇಕಾದ ಮಾತಿಗೆ ಬರೋಣ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಮುಟ್ಟಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಆಚಾರ. ಜಾತಕರ್ಮದಲ್ಲಿ ಚಿನ್ನದಿಂದ ಜೇನು ಘೃತಗಳನ್ನು ನೆಕ್ಕಿಸುವ ವಿಧಿಯುಂಟು. ಬಜೆಯನ್ನು ಜೇನಿನಲ್ಲಿ ತೇದು ಕೊಡುವುದೂ ಉಂಟು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು, ಒಂದು ತೊಟ್ಟಾದರೂ, ಕೊಡಬಾರದು. ಕಾರಣವಿದು: ಮಣ್ಣಿನಲ್ಲಿರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಾಣುಗಳು ಕೆಲವು ವೇಳೆ ಜೇನಿನಲ್ಲಿ ಸೇರಿರುವುವು. ಜೇನು ಅವನ್ನು ಬೆಳೆಯಗೊಡದು, ಆದರೆ ಕೊಲ್ಲಲಾರದು. ನೀರು ಕುದಿಯುವ ಶಾಖದಿಂದಲೂ ಅವು ಸಾಯವು. ದೊಡ್ಡವರ ಕರುಳಿನಲ್ಲಿ ನೆಲಸಿರುವ ಇತರ ಜೀವಾಣುಗಳು ಅವಕ್ಕೆ ತಳವೂರಲು ಎಡೆಗೊಡುವುದಿಲ್ಲ. ಎಳೆಯ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ನೆಲೆಗೊಂಡಿರುವುದಿಲ್ಲವಾಗಿ, ಬೀಜಾಣುಗಳು ಮೊಳೆತು ನರಗಳನ್ನು ಕಟ್ಟುವ ವಿಷವನ್ನು ಹುಟ್ಟಿಸುವುವು. ಶಿಶು ಬೊಟ್ಯುಲಿಸಂ ಎಂಬ ಈ ರೋಗವನ್ನು ಮೊದಲು ಗುರುತಿಸಿದ್ದು ೧೯೭೬ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. ಜೇನಿಗೂ ಇದಕ್ಕೂ ಇರುವ ಸಂಬಂಧ ಮುಂದಿನ ಕೆಲವೇ ವರ್ಷಗಳಲ್ಲಿ ತಿಳಿದುಬಂದಿತು. ಮಗುವಿಗೆ ಮಲಬದ್ಧತೆ, ಹಾಲು ಚೀಪಲು ನಿಶ್ಶಕ್ತಿ, ಕ್ಷೀಣವಾದ ಅಳು, ಜೋತುಬಿದ್ದ ರೆಪ್ಪೆ, ನಿಲ್ಲದ ಕತ್ತು, ಇವು ಅದರ ಲಕ್ಷಣಗಳು. ಮುಂದೆ ಉಸಿರೇ ಕಟ್ಟಬಹುದು. ರೋಗ ಅಪರೂಪದ್ದು; ಆದರೆ ಒಂದು ತೊಟ್ಟಿನ ಸಿಹಿಗಾಗಿ ಅಂಥ ಅಪಾಯವನ್ನು ಕೈಯಾರೆ ತರುವುದೇಕೆ? ಲಕ್ಷಣಗಳು ಕಂಡಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ದರೆ ಬಹುಪಾಲು ಮಕ್ಕಳು ಉಳಿಯುವರು.

ಆಚಾರವಂತರು ಇದರಿಂದ ನೊಂದುಕೊಳ್ಳಬೇಕಾದುದಿಲ್ಲ. ಮಗುವು ಬಾಳಲೆಂಬುದೇ ಆ ಸಂಸ್ಕಾರದ ಹೃದಯ. ಅದೇ ಉದ್ದೇಶಕ್ಕಾಗಿ ಜೇನನ್ನು ಬಿಟ್ಟು, ಮಂತ್ರವನ್ನೂ ಹರಕೆಯನ್ನೂ ಉಳಿಸಿಕೊಂಡು, ಬಾಯಿಗೆ ತಾಯಿಯ ಹಾಲೊಂದನ್ನೇ ಕೊಟ್ಟರೆ ಸಂಸ್ಕಾರಕ್ಕೆ ಲೋಪವೇನೂ ಬಾರದು. ಹಾಲೂಡುವ ತಾಯಿಯು ತಾನು ಜೇನು ತಿನ್ನುವುದರಿಂದ ಕೂಸಿಗೆ ಕೇಡಿಲ್ಲ. ವರ್ಷ ತುಂಬಿದ ಮೇಲೆ ಮಗುವಿಗೂ ಮಿತವಾಗಿ ಕೊಡಬಹುದು.

ಕಡೆಯದಾಗಿ, ಒಳ್ಳೆಯ ಜೇನನ್ನು ತಿಳಿಯುವ ಬಗೆ. ನೀರಿನಲ್ಲಿ ತೊಟ್ಟಿಕ್ಕಿ ನೋಡುವುದು, ಬತ್ತಿಗೆ ಸವರಿ ಉರಿಸುವುದು, ಇರುವೆ ಮುತ್ತುವುದೇ ಎಂದು ಕಾಯುವುದು ಮೊದಲಾದ ಮನೆಯ ಪರೀಕ್ಷೆಗಳು ಜೇನಿನ ಮಂದತೆಯನ್ನೋ ತೇವವನ್ನೋ ತಿಳಿಸಬಹುದೇ ಹೊರತು ಕಲಬೆರಕೆಯನ್ನಲ್ಲ. ಹೆಪ್ಪುಗಟ್ಟಿದ ಜೇನು ಕೆಟ್ಟದ್ದೆಂಬುದೂ ಸರಿಯಲ್ಲ. ಅದು ಗ್ಲೂಕೋಸ್ ಹರಳಾಗುವ ಸಹಜ ಗುಣ. ನಮ್ಮ ಹೆಜ್ಜೇನು ತುಡುವೆಗಳ ಜೇನು ಸ್ವಭಾವತಃ ಕೊಂಚ ತೆಳ್ಳಗಿರುವುದೂ ಉಂಟು. ಪ್ರಯೋಗಶಾಲೆಯಲ್ಲಿಯೂ ಇದು ಸುಲಭವಲ್ಲ. ಕಬ್ಬು ಮೆಕ್ಕೆಜೋಳಗಳ ಸಕ್ಕರೆಯ ಇಂಗಾಲದಲ್ಲಿ ಒಂದು ಗುರುತಿರುವುದರಿಂದ ಅದನ್ನು ಹಿಡಿಯಬಹುದು. ಅಕ್ಕಿಯ ಪಾಕದಲ್ಲಿ ಆ ಗುರುತಿಲ್ಲ. ಪರೀಕ್ಷೆಗಳಿಗೆ ಸಿಕ್ಕದಂತೆ ತಯಾರಿಸಿದ ಪಾಕಗಳು ನಮ್ಮ ದೇಶದ ಜೇನಿನಲ್ಲಿ ಸೇರುತ್ತಿವೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೨೦೨೦ರಲ್ಲಿ ಪ್ರಕಟಿಸಿತು. ವ್ಯಾಪಾರಿಗಳು ಅದನ್ನು ಅಲ್ಲಗಳೆದರು. ಆದ್ದರಿಂದ ಸಾಧ್ಯವಾದವರು ಹುಳು ಸಾಕುವವರಿಂದಲೋ, ಕಾಡಿನಿಂದ ತರುವ ಗಿರಿಜನರ ಸಹಕಾರ ಸಂಘಗಳಿಂದಲೋ ಕೊಳ್ಳುವುದು ಮೇಲು. ತಂದ ಜೇನನ್ನು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ತೇವ ಸೇರಿದರೆ ಹುಳಿಯುವುದು. ಕಾಯಿಸಿದರೆ ಕಿಣ್ವಗಳೂ ಪರಿಮಳವೂ ಹಾಳಾಗುವುದರಿಂದ, ಬೆಚ್ಚಗಿನ ನೀರಿಗೆ ಬೆರೆಸುವುದೇ ಸಾಕು.

ಜೇನು ಸಕ್ಕರೆಗಿಂತ ಹೆಚ್ಚಿನದು, ಅಮೃತಕ್ಕಿಂತ ಕಡಮೆಯದು. ಕೆಮ್ಮಿದಾಗ ಒಂದು ಚಮಚ, ಊಟದಲ್ಲಿ ಮಿತವಾಗಿ ಒಂದಿಷ್ಟು, ತೊಟ್ಟಿಲಿನ ಕೂಸಿಗೆ ಸರ್ವಥಾ ಇಲ್ಲ: ಇಷ್ಟನ್ನು ಪಾಲಿಸಿದರೆ ಹುಳುಗಳ ದುಡಿಮೆಯ ಫಲವು ನಮಗೆ ಹಿತವಾಗಿಯೇ ಒದಗುವುದು.